ಉಜ್ಜಬೇಡಿ, ಮೇಲಕ್ಕೆ ಓಡಬೇಡಿ

ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ಗೆಂದು ಹೊರಟವರು ದೋಣಿಯಲ್ಲಿ ಶಾರ್ಕ್ ಇದೆಯಾ ಎಂದು ಕೇಳುತ್ತಾರೆ. ಜೆಲ್ಲಿ ಮೀನಿನ ವಿಷಯ ಎತ್ತುವವರು ಕಡಿಮೆ. ಮೇಲೆ ಬಂದಾಗ ಮುಂಗೈ ಮೇಲೆ ಕೆಂಪು ಬರೆ ಎದ್ದಿರುವುದು ಮಾತ್ರ ಅದರಿಂದಲೇ. ಹೊಸಬರನ್ನು ನೀರಿಗಿಳಿಸುವ ಕೆಲಸದಲ್ಲಿ ಕಲಿತದ್ದು ಇಷ್ಟು.

1. ಅದು ಅಟ್ಟಿಸಿಕೊಂಡು ಬಂದು ಕಚ್ಚುವ ಪ್ರಾಣಿಯಲ್ಲ. ಅದರ ಎಳೆಗಳ ತುಂಬ ಕಣ್ಣಿಗೆ ಕಾಣದ ಕೋಶಗಳು, ಒಂದೊಂದರೊಳಗೂ ಸುರುಳಿ ಸುತ್ತಿದ ಟೊಳ್ಳು ದಾರ. ಚರ್ಮ ತಾಕಿದರೆ ಕೆಲವೇ ಮಿಲಿಸೆಕೆಂಡುಗಳಲ್ಲಿ ದಾರ ಚಿಮ್ಮಿ ವಿಷ ಒಳಗಿಳಿಯುತ್ತದೆ. ಎಲ್ಲ ಕೋಶಗಳೂ ಒಮ್ಮೆಗೇ ಸಿಡಿಯುವುದಿಲ್ಲ. ಸಿಡಿಯದೆ ಉಳಿದವು ಚರ್ಮಕ್ಕೆ ಅಂಟಿಕೊಂಡೇ ಇರುತ್ತವೆ. ಉರಿ ಎಷ್ಟಕ್ಕೆ ನಿಲ್ಲುತ್ತದೆ ಎಂಬುದು ಆಮೇಲೆ ನಮ್ಮ ಕೈ ಏನು ಮಾಡುತ್ತದೆ ಎಂಬುದರ ಮೇಲಿದೆ.

2. ನೀರೊಳಗೆ ಕುಟುಕಿತೇ? ಉಸಿರಾಡುತ್ತಲೇ ಇರಿ. ನಾನು ಹೆದರುವುದು ಕುಟುಕಿಗಲ್ಲ, ಕುಟುಕಿಸಿಕೊಂಡವರು ಬೆಚ್ಚಿಬೀಳುವ ರೀತಿಗೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡರಷ್ಟು. ಅಲ್ಲಿಂದ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ನಮ್ಮ ಕಡಲಿನಲ್ಲಿ ಸಿಗುವ ಬಹುಪಾಲು ಕುಟುಕುಗಳ ಉರಿ ಗಂಟೆಗಳಲ್ಲಿ ಇಳಿಯುತ್ತದೆ. ಹರಿದ ಶ್ವಾಸಕೋಶದ ಕಥೆ ಹಾಗಲ್ಲ. ಗೈಡ್‌ಗೆ ಸನ್ನೆ ಮಾಡಿ, ಕುಟುಕಿದ ಜಾಗ ತೋರಿಸಿ, ಮಾಮೂಲಿ ವೇಗದಲ್ಲೇ ಏರಿ.

3. ಹಗ್ಗವನ್ನು ಬರಿಗೈಯಲ್ಲಿ ಹಿಡಿಯಬೇಡಿ. ಹರಿವಿನಲ್ಲಿ ತೇಲಿ ಬಂದ ಎಳೆಗಳು ಲಂಗರಿನ ಹಗ್ಗಕ್ಕೇ ಸಿಕ್ಕಿಕೊಳ್ಳುತ್ತವೆ. ಏರುವಾಗ ಸುರಕ್ಷತೆಗೆಂದು ಐದು ಮೀಟರ್‌ ಆಳದಲ್ಲಿ ಮೂರು ನಿಮಿಷ ಕಾಯುವಾಗ ಎಲ್ಲರ ಕೈಯೂ ಹೋಗುವುದು ಅಲ್ಲಿಗೇ. ಏರುವಾಗ ತಲೆ ಎತ್ತಿ ನೋಡುತ್ತಿರಿ.

4. ನೇತ್ರಾಣಿಯ ನೀರು ಬೆಚ್ಚಗಿದೆ, ಸೂಟು ಯಾಕೆ ಎನ್ನುವವರಿಗೆ ನನ್ನ ಉತ್ತರ ಇದೇ: ಚಳಿಗಲ್ಲ, ಎಳೆಗೆ. ತೆಳ್ಳನೆಯ ಲೈಕ್ರಾ ಬಟ್ಟೆಯೂ ಸಾಕಷ್ಟು ತಡೆಯುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಗಟ್ಟಿಮುಟ್ಟಾದ ಜೀವರಕ್ಷಕರು ಒಂದು ಕಾಲಕ್ಕೆ ಹೆಂಗಸರ ನೈಲಾನ್ ಕಾಲುಚೀಲ ತೊಟ್ಟು ಕಡಲಿಗಿಳಿಯುತ್ತಿದ್ದರು. ನಾಚಿಕೆಗಿಂತ ಚರ್ಮ ದೊಡ್ಡದು. 2013ರಲ್ಲಿ, 64ನೇ ವಯಸ್ಸಿನಲ್ಲಿ, ಕ್ಯೂಬಾದಿಂದ ಫ್ಲೋರಿಡಾಕ್ಕೆ ಈಜಿದ ಡಯಾನಾ ನ್ಯಾಡ್ ಇದಕ್ಕೆಂದೇ ಮುಖವಾಡ ಮಾಡಿಸಿಕೊಂಡಿದ್ದರು. ಹಿಂದಿನ ಪ್ರಯತ್ನಗಳಲ್ಲಿ ಬಾಕ್ಸ್ ಜೆಲ್ಲಿ ಮೀನುಗಳು ಅವರನ್ನು ಹಣ್ಣು ಮಾಡಿದ್ದವು. ಡೈವರ್‌ಗೆ ಬರಿದಾಗಿ ಉಳಿಯುವುದು ತುಟಿ, ಕೆನ್ನೆ. ಅಲ್ಲಿ ತಾಕಿದರೆ ಒಂದು ದಿನ ಊಟ ಕಷ್ಟ, ಅಷ್ಟೇ.

5. ಮಳೆಗಾಲದಲ್ಲಿ ಗೋವಾ, ಮುಂಬೈ ತೀರಗಳಿಗೆ ಗಾಳಿ ದೂಡಿ ತರುವ ನೀಲಿ ಬುಗ್ಗೆ ಬ್ಲೂ ಬಾಟಲ್. ಅದು ನಿಜವಾದ ಜೆಲ್ಲಿ ಮೀನಲ್ಲ, ಒಟ್ಟಿಗೆ ಬದುಕುವ ಜೀವಿಗಳ ಗುಂಪು. ಮರಳ ಮೇಲೆ ಸತ್ತು ಬಿದ್ದಿದ್ದರೂ ಕುಟುಕುತ್ತದೆ. ಮಕ್ಕಳು ಮುಟ್ಟುವುದು ಅದನ್ನೇ.

6. ದಡದಲ್ಲಿ ಎಲ್ಲರೂ ವೈದ್ಯರೇ. ಮರಳು ಉಜ್ಜು, ಕುಡಿಯುವ ನೀರು ಸುರಿ, ಮೂತ್ರ ಹೊಯ್ಯಿ ಎನ್ನುತ್ತಾರೆ. ಮೂರೂ ಬೇಡ, ಸಿಡಿಯದ ಕೋಶಗಳನ್ನು ಅವು ಕೆರಳಿಸಬಹುದು. ಮೊದಲು ಸಮುದ್ರದ ನೀರಿನಲ್ಲೇ ತೊಳೆಯಿರಿ. ಅಂಟಿದ ಎಳೆಗಳನ್ನು ಚಿಮಟದಿಂದ ಎತ್ತಿ. ಆಮೇಲೆ ಸುಮಾರು 45 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷವಾದರೂ ಇಡಿ. ಆಸ್ಟ್ರೇಲಿಯಾದಲ್ಲಿ ಬ್ಲೂ ಬಾಟಲ್ ಕುಟುಕಿಸಿಕೊಂಡವರ ಮೇಲೆ ಮಾಡಿದ, 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬಿಸಿನೀರಿನಿಂದ ಶೇ. 87 ಜನರ ನೋವು ಇಳಿದಿತ್ತು, ಐಸ್‌ನಿಂದ ಶೇ. 33 ಜನರದು. ಹಾಗಾಗಿ ದೋಣಿಯಲ್ಲಿ ಚಹಾದ ಫ್ಲಾಸ್ಕ್ ಜೊತೆ ಬರೀ ಬಿಸಿನೀರಿನದೂ ಒಂದಿರಲಿ. ಬಕೆಟ್ಟಿನಲ್ಲಿ ಬೆರೆಸಿ, ಕುಟುಕದ ಕೈಯಿಂದ ಬಿಸಿ ನೋಡಿ. ಸುಟ್ಟುಕೊಂಡರೆ ಎರಡು ಗಾಯ. ವಿನೆಗರ್ ಬಾಕ್ಸ್ ಜೆಲ್ಲಿ ಮೀನಿಗೆ ಸರಿ: ಸಿಡಿಯದ ಕೋಶಗಳನ್ನು ಕಟ್ಟಿಹಾಕುತ್ತದೆ, ನೋವು ಇಳಿಸುವುದಿಲ್ಲ. ಬ್ಲೂ ಬಾಟಲ್‌ಗೆ ಆಸ್ಟ್ರೇಲಿಯಾದವರು ಅದನ್ನು ಹೇಳುವುದಿಲ್ಲ.

7. ಉಸಿರು ಕಟ್ಟುವುದು, ಎದೆನೋವು, ಮುಖ ಊದುವುದು, ವಾಂತಿ ಕಂಡರೆ ಬಕೆಟ್ ಬಿಟ್ಟು ಆಸ್ಪತ್ರೆಗೆ ಹೊರಡಿ. ಇರುಕಂಜಿ ಎಂಬ ಪುಟ್ಟ ಜೆಲ್ಲಿ ಮೀನು ಕುಟುಕಿದಾಗ ಹೆಚ್ಚೇನೂ ಅನಿಸದು. ಅರ್ಧ ಗಂಟೆ ಬಿಟ್ಟು ಬೆನ್ನು, ಹೊಟ್ಟೆ ಹಿಂಡುತ್ತದೆ. ಆಸ್ಟ್ರೇಲಿಯಾದ ವೈದ್ಯ ಜ್ಯಾಕ್ ಬಾರ್ನ್ಸ್ 1961ರಲ್ಲಿ ತನಗೂ ತನ್ನ ಮಗನಿಗೂ ಬೇಕೆಂದೇ ಕುಟುಕಿಸಿಕೊಂಡು ಇದನ್ನು ಖಚಿತಪಡಿಸಿದರು. ಮಗನ ವಯಸ್ಸು ಆಗ ಒಂಬತ್ತು!

8. ಸೂಟು ತೊಳೆಯುವಾಗಲೂ ಕೈಗವಸು ಹಾಕಿಕೊಳ್ಳಿ. ಒಣಗಿದ ಎಳೆ ಮತ್ತೆ ನೆನೆದರೆ ಕುಟುಕಬಲ್ಲದು, ಬಾಡಿಗೆ ಸೂಟಿನಲ್ಲಿ ಅದು ಮರುದಿನ ಬರುವವರ ಪಾಲು.