ತೊಟ್ಟಿಲ ಕೂಸಿಗೆ ಕೌದಿ

ಮಗಳ ಮೊದಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ರೂಢಿ ಡೊಂಬಿವಲಿ, ಕಲ್ಯಾಣ, ಠಾಣೆಗಳ ಕನ್ನಡ ಮನೆಗಳಲ್ಲಿ ಇನ್ನೂ ಉಳಿದುಬಂದಿದೆ. ಕುಬಸದ ಕಾರ್ಯ ಮುಗಿದೊಡನೆ ಮನೆಯ ಹಿರಿಯಳು ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸುತ್ತಾಳೆ. ತನ್ನ ತಾಯಿಯ ಇಳಕಲ್ ಸೀರೆ, ಯಜಮಾನರ ಹಳೆಯ ಧೋತರ, ಹುಡುಗರ ಅಂಗಿಗಳು, ದರ್ಜಿಯಿಂದ ಬೇಡಿ ತಂದ ರವಿಕೆಯ ತುಂಡುಗಳು ಇವೆಲ್ಲ ಕೂಡಿ ಬರಲಿರುವ ಕೂಸಿಗೆ ಒಂದು ಕೌದಿಯಾಗಬೇಕು. ಅಂತಹ ಕಾಣಿಕೆ ಯಾವ ಅಂಗಡಿಯಲ್ಲಿಯೂ ದೊರೆಯದು. ಆದರೆ ಟ್ರಂಕಿನ ಮುಚ್ಚಳ ತೆರೆದೊಡನೆ ಮೂಗಿಗಡರುವ ವಾಸನೆಯೊಂದಿದೆ. ಮೊದಲ ಹೊಲಿಗೆ ಹಾಕುವ ಮುನ್ನ ಅದರ ವಿಚಾರ ಮಾಡುವುದು ಅವಶ್ಯ. ಅದು ನುಸಿಗುಳಿಗೆಯ ವಾಸನೆ.

ನುಸಿಗುಳಿಗೆಗಳಲ್ಲಿ ಬಹಳಷ್ಟು ನ್ಯಾಫ್ತಲೀನ್ ಎಂಬ ರಾಸಾಯನಿಕದಿಂದ ಮಾಡಿದವು. ಗುಳಿಗೆ ದಿನದಿನಕ್ಕೆ ಸವೆದು ಆವಿಯಾಗಿ ಬಟ್ಟೆಯ ಎಳೆ ಎಳೆಯಲ್ಲಿ ಸೇರಿಕೊಳ್ಳುತ್ತದೆ. ಕೆಲವು ಮಕ್ಕಳಲ್ಲಿ ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ-6-ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುತ್ತದೆ. ಈ ಕೊರತೆ ತಾಯಿಯಿಂದ ಬರುವಂಥದು, ಗಂಡುಮಕ್ಕಳಲ್ಲಿ ಹೆಚ್ಚಾಗಿ ಕಾಣುವಂಥದು. ನಮ್ಮ ದೇಶದ ಹಲವಾರು ಸಮುದಾಯಗಳಲ್ಲಿ ಇದುಂಟು. ಹೊರನೋಟಕ್ಕೆ ಮಗು ಆರೋಗ್ಯವಾಗಿಯೇ ಇರುತ್ತದೆ. ಅಂತಹ ಕೂಸನ್ನು ನ್ಯಾಫ್ತಲೀನ್ ಹೀರಿದ ಬಟ್ಟೆಯಲ್ಲಿ ಸುತ್ತಿದರೆ ಆವಿಯು ಉಸಿರಿನಿಂದಲೂ ಚರ್ಮದಿಂದಲೂ ಒಳಸೇರಿ ರಕ್ತಕಣಗಳು ಒಡೆಯತೊಡಗುತ್ತವೆ. ಎಳೆಯ ಯಕೃತ್ತಿಗೆ ಆ ಹೊರೆಯನ್ನು ನಿಭಾಯಿಸುವ ಶಕ್ತಿ ಸಾಲದು. ಕಾಮಾಲೆ ವಿಪರೀತಕ್ಕೇರಿ ಮೆದುಳಿಗೆ ಶಾಶ್ವತ ಹಾನಿಯಾಗಬಹುದು, ಪ್ರಾಣಕ್ಕೂ ಅಪಾಯವುಂಟು. ನ್ಯಾಫ್ತಲೀನ್ ನೀರಿಗಿಂತ ಎಣ್ಣೆಯಲ್ಲಿ ಸುಲಭವಾಗಿ ಕರಗುತ್ತದೆ. ಮಗುವಿಗೆ ಮೈತುಂಬ ಎಣ್ಣೆ ತಿಕ್ಕುವ ನಮ್ಮ ಮನೆಗಳಲ್ಲಿ ಈ ಅಂಶವನ್ನು ಮರೆಯಲಾಗದು.

ಹುಟ್ಟಿದ ಮಗು ತುಸು ಹಳದಿಯಾಗುವುದು ಸಾಮಾನ್ಯವೆಂದು ಹಿರಿಯರು ಎಳೆಬಿಸಿಲಿಗೆ ಹಿಡಿದು ಸುಮ್ಮನಾಗುವುದುಂಟು. ಹಳದಿ ಅಂಗೈ ಅಂಗಾಲಿಗಿಳಿದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ, ಕೂಸು ಹಾಲೊಲ್ಲದೆ ಮಂಕಾದರೆ ಅದೇ ದಿನ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ಬಟ್ಟೆಗೆ ನುಸಿಗುಳಿಗೆ ಹಾಕಿದ್ದರೆ ಆ ಮಾತನ್ನೂ ಅವರಿಗೆ ತಿಳಿಸಬೇಕು.

ಆದುದರಿಂದ ಗುಳಿಗೆಯೊಡನೆ ಇಟ್ಟಿದ್ದ ಬಟ್ಟೆಯನ್ನು ಎಳೆಗೂಸಿನ ಕೌದಿಗೆ ಬಳಸದಿರುವುದೇ ಲೇಸು. ಅಜ್ಜಿಯ ಸೀರೆಯ ಮೇಲಿನ ಮಮತೆ ಬಿಡದಿದ್ದರೆ ಅದನ್ನು ಬಿಸಿಲು ಗಾಳಿಗಳಲ್ಲಿ ಹಲವು ದಿನ ಹರವಿ, ಮತ್ತೆ ಮತ್ತೆ ಒಗೆದು, ದೊಡ್ಡವರ ಕೌದಿಗೆ ಬಳಸಬಹುದು. ಕೂಸಿಗೆ ಈಗ ದಿನಬಳಕೆಯಲ್ಲಿರುವ ಬಟ್ಟೆಗಳೇ ಸಾಕು.

ಕೌದಿ ಉತ್ತರ ಕರ್ನಾಟಕದ ಮನೆಮನೆಯ ವಸ್ತು. ಮಹಾರಾಷ್ಟ್ರದಲ್ಲಿ ಇದು ಗೋಧಡಿ, ಬಂಗಾಳದಲ್ಲಿ ಕಾಂಥಾ, ಸಿಂಧಿನಲ್ಲಿ ರಲ್ಲಿ. ಕಲ್ಯಾಣದ ನಿರಾಶ್ರಿತರ ಶಿಬಿರವೇ 1949ರಲ್ಲಿ ಉಲ್ಲಾಸನಗರವೆಂಬ ಹೆಸರು ಪಡೆಯಿತಾಗಿ, ರಲ್ಲಿಯ ನಾಡಿನವರು ನಮ್ಮ ನೆರೆಹೊರೆಯವರೇ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಸಿದ್ಧಿ ಹೆಂಗಸರ ಕೌದಿಗಳು ಇಂದು ಪರದೇಶಗಳಲ್ಲಿಯೂ ಪ್ರದರ್ಶನ ಕಂಡಿವೆ. ಅವರು ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಯ ತೇಪೆ ಮುಚ್ಚುವ ಮುನ್ನ ಕೆಲವರು ಒಳಗೆ ನಾಲ್ಕು ಅಕ್ಕಿಕಾಳು ಇಡುವುದುಂಟು, ಸಮೃದ್ಧಿಯ ಕುರುಹಾಗಿ. ಭಾವನೆ ದೊಡ್ಡದು. ಆದರೂ ಮುಂಬಯಿಯ ಮಳೆಗಾಲದಲ್ಲಿ ಅಕ್ಕಿಗೆ ಹುಳು ಬೀಳುವುದನ್ನು ಬಲ್ಲವರು ಕೂಸಿನ ಕೌದಿಯಲ್ಲಿ ಇದನ್ನು ಕೈಬಿಡುವುದೇ ಯುಕ್ತ.

ಬಟ್ಟೆ ಅಪ್ಪಟ ಹತ್ತಿಯದಿರಲಿ. ಬೆವರನ್ನು ಹೀರುವ ಗುಣ ಹತ್ತಿಗುಂಟು, ಪಾಲಿಯೆಸ್ಟರಿಗೆ ಇಲ್ಲ. ಕೊಲ್ಲಿಯ ಬದಿಯ ಠಾಣೆ, ನವಿ ಮುಂಬಯಿಗಳ ಸೆಕೆಯಲ್ಲಿ ಈ ವ್ಯತ್ಯಾಸ ಬೆವರುಸಾಲೆಯ ರೂಪದಲ್ಲಿ ಮಗುವಿನ ಬೆನ್ನಿನ ಮೇಲೆಯೇ ಕಂಡೀತು. ಸಂಶಯವಿದ್ದಲ್ಲಿ ಒಂದೆರಡು ಎಳೆಗಳನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಳಕಲ್ ಸೀರೆಯಲ್ಲಿ ಹತ್ತಿಯ ಒಡಲನ್ನಷ್ಟೇ ತೆಗೆದುಕೊಂಡು ರೇಷ್ಮೆಯ ಸೆರಗನ್ನು ಬಿಡಬೇಕು. ಒದ್ದೆ ಬಿಳಿ ಅರಿವೆಯಿಂದ ತಿಕ್ಕಿದಾಗ ಬಣ್ಣ ಬಿಡುವ ತುಂಡು ಬೇಡ, ಏಕೆಂದರೆ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಒಯ್ಯುತ್ತದೆ. ಗುಂಡಿ, ಮಣಿ, ಜರಿ, ಕನ್ನಡಿಚೂರು ಯಾವುವೂ ಸಲ್ಲವು.

ದರ್ಜಿಯ ತುಂಡು ಹೊಸದೆಂದು ಒಗೆಯದೆ ಬಿಡಬಾರದು. ಅದರಲ್ಲಿ ಗಂಜಿಯೂ ಗಿರಣಿಯ ರಾಸಾಯನಿಕಗಳೂ ಉಳಿದಿರುತ್ತವೆ. ಎಲ್ಲ ಬಟ್ಟೆಯನ್ನೂ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆದರೆ ಉಬ್ಬಸಕ್ಕೆ ಕಾರಣವಾಗುವ ಧೂಳುನುಸಿ ಸಾಯುತ್ತದೆ. ಬಟ್ಟೆ ಕುಗ್ಗುವುದಿದ್ದರೂ ಆಗಲೇ ಕುಗ್ಗಿ ಮುಗಿಯುತ್ತದೆ.

ಅಳತೆ 36 ಇಂಚು ಅಗಲ, 48 ಇಂಚು ಉದ್ದ. ಕೆಳಗೆ ಧೋತರ, ನಡುವೆ ಹಳೆಯ ಸೀರೆಯ ಒಂದೇ ಪದರ, ಮೇಲೆ ತುಂಡುಗಳು. ಇದಕ್ಕಿಂತ ದಪ್ಪ ಬೇಡ. ತುಂಡಿನ ಅಂಚನ್ನು ಅರ್ಧ ಇಂಚು ಒಳಮಡಚಿ, ಹತ್ತಿಯ ದಾರದಲ್ಲಿ ಸಾದಾ ಹೊಲಿಗೆ ಹಾಕುತ್ತ ಹೋಗುವುದು. ಅರ್ಧ ಇಂಚಿಗೊಂದು ಸಾಲಿನಂತೆ 72 ಸಾಲು, ಸಾಲಿಗೆ 48 ಇಂಚು, ಒಟ್ಟು 3456 ಇಂಚು, ಅಂದರೆ 96 ಗಜ. ಹೊಲಿಗೆಯ ಏರಿಳಿತ, ಗಂಟುಗಳನ್ನು ಸೇರಿಸಿದರೆ ನೂರು ಗಜದ ಉಂಡೆ ಒಂದೇ ಸಾಲದು. ಇಂಚಿಗೆ ನಾಲ್ಕು ಹೊಲಿಗೆ ಹಿಡಿದರೂ ಹದಿಮೂರು ಸಾವಿರಕ್ಕೆ ಮೀರುತ್ತದೆ. ಏಳನೆಯ ತಿಂಗಳಲ್ಲೇ ಆರಂಭಿಸಬೇಕೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ. ಲೋಕಲ್ ಗಾಡಿಯಲ್ಲಿ ಕುಳಿತು ತರಕಾರಿ ಸೋಸುವ ಗೃಹಿಣಿಯರು ಅಲ್ಲಿ ಸೂಜಿಯನ್ನು ಮಾತ್ರ ಹೊರತೆಗೆಯದಿರಲಿ. ಬ್ಯಾಂಕಿನಲ್ಲಿ ಸಂಜೆ ನಗದು ತಾಳೆ ನೋಡುವಂತೆ ಪ್ರತಿದಿನ ಸೂಜಿ, ಗುಂಡುಸೂಜಿಗಳನ್ನು ಎಣಿಸಿಡಬೇಕು. ಕೊಡುವ ಮುನ್ನ ಕೌದಿಯ ಮೇಲೆಲ್ಲ ಅಯಸ್ಕಾಂತ ಆಡಿಸಿ ನೋಡುವುದು ಇನ್ನೂ ಉತ್ತಮ.

ಇನ್ನು ಬಳಕೆಯ ಮಾತು. ವರ್ಷ ತುಂಬದ ಮಗು ಮಲಗಿರುವಾಗ ಅದರ ಮೇಲೆ ಸಡಿಲವಾದ ಕೌದಿ ಹೊದಿಸಲಾಗದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮುಖದ ಮೇಲೆ ಸರಿದರೆ ಎಳೆಗೂಸಿಗೆ ಅದನ್ನು ತಳ್ಳುವ ಶಕ್ತಿಯಿಲ್ಲ, ಮೈ ವಿಪರೀತ ಕಾಯುವ ಭಯವೂ ಉಂಟು. ಕೂಸು ನಿದ್ರಿಸುವುದು ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ಅಂಗಾತವಾಗಿಯೇ. ಎಚ್ಚರವಿದ್ದಾಗ ಹಿರಿಯರ ಕಣ್ಣೆದುರಿಗೆ ನೆಲದ ಮೇಲೆ ಕೌದಿ ಹರವಿ ಬೋರಲು ಹಾಕಿ ಆಡಿಸಬಹುದು. ಹೊದೆಯುವ ದಿನ ವರ್ಷದ ನಂತರ ಬರುತ್ತದೆ.

ಊರ ಕಡೆ ನವರಾತ್ರಿಗೆ ಮುನ್ನ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊಳೆಗೆ ಒಯ್ದು ಒಗೆದು ಬಂಡೆಗಳ ಮೇಲೆ ಹರವುತ್ತಿದ್ದರು. ಮಳೆಗಾಲದ ಥಂಡಿಯಲ್ಲಿ ಬೆಳೆದ ಬೂಷ್ಟು, ನುಸಿಗಳು ಆ ಬಿಸಿಲಿನಲ್ಲಿ ಹೋಗುತ್ತಿದ್ದವು. ಫ್ಲ್ಯಾಟಿನ ಬಾಲ್ಕನಿಗೆ ಅಷ್ಟು ಬಿಸಿಲಿಲ್ಲದಿದ್ದಲ್ಲಿ ಕಟ್ಟಡದ ಗಚ್ಚಿಯಾದರೂ ಇದ್ದೀತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕೌದಿ ಒಗೆದರೆ ಒಳಪದರ ಒಣಗದೆ ಮುಗ್ಗುಲಾಗುತ್ತದೆ, ಆದ್ದರಿಂದ ಒಂದರ ಬದಲು ತೆಳ್ಳಗಿನ ಎರಡು ಹೊಲಿದುಕೊಡುವುದು ಅನುಕೂಲ. ಎತ್ತಿಡುವಾಗ ನುಸಿಗುಳಿಗೆಯ ಬದಲು ಒಣಗಿದ ಬೇವಿನ ಎಲೆಗಳನ್ನು ಅರಿವೆಯಲ್ಲಿ ಕಟ್ಟಿ ಇಡಲಿ. ಈ ಮಾತನ್ನು ಒಂದು ಚೀಟಿಯಲ್ಲಿ ಬರೆದು ಕೌದಿಯ ಜೊತೆಗೇ ಬಾಣಂತಿಯ ಕೈಗೆ ಕೊಡಬೇಕು. ಏಕೆಂದರೆ ಗಂಡನ ಮನೆಯಲ್ಲಿಯೂ ಒಂದು ಟ್ರಂಕು ಇದ್ದೇ ಇರುತ್ತದೆ.