ಗೋಡೆ ಬಿದ್ದು ಎಮ್ಮೆ ಸತ್ತಿತು: ಭೂತಕಾಲದ ವಾಕ್ಯಗಳ ಜೋಡಣೆ

ರೊಳ್ಳ ಸೀಮೆಯ ರೈತನೊಬ್ಬನು ಮಳೆಗಾಲದಲ್ಲಿ ಪರಿಹಾರಕ್ಕಾಗಿ ಅರ್ಜಿ ಬರೆಸುತ್ತಿದ್ದಾನೆಂದು ಭಾವಿಸೋಣ. "ರಾತ್ರಿ ಮಳೆ ಬಂದು, ಕೊಟ್ಟಿಗೆಯ ಗೋಡೆ ಬಿದ್ದು, ಎಮ್ಮೆ ಸತ್ತಿತು" ಎಂಬುದು ಅವನ ಹೇಳಿಕೆ. ಕನ್ನಡದಲ್ಲಿ ಇದಕ್ಕೆ ಮೇಲೊಂದು ವಿವರಣೆ ಬೇಕಿಲ್ಲ. ಅದನ್ನು ತೆಲುಗಿಗೆ ತಿರುಗಿಸುವವನಿಗೂ ತೊಡಕಿಲ್ಲ; 'ಬಂದು' ಇದ್ದಲ್ಲಿ 'ವಚ್ಚಿ', 'ಬಿದ್ದು' ಇದ್ದಲ್ಲಿ 'ಪಡಿ' ಎಂದು ಬರೆದರೆ ಕೆಲಸ ಮುಗಿಯಿತು. ಅದೇ ಹೇಳಿಕೆಯನ್ನು ಪದವಿ ಓದುತ್ತಿರುವ ಅವನ ಮಗ ಇಂಗ್ಲಿಷಿಗೆ ತಿರುಗಿಸಿದಾಗ 'ದಿ ವಾಲ್ ಫೆಲ್ ಅಂಡ್ ದಿ ಬಫೆಲೊ ಡೈಡ್' ಎಂದಾಗುತ್ತದೆ. ವ್ಯಾಕರಣ ಶುದ್ಧವಾಗಿದೆ, ಆದರೆ ಅರ್ಜಿ ಬಡವಾಗಿದೆ. ಗೋಡೆ ಬಿದ್ದದ್ದೂ ನಿಜ, ಎಮ್ಮೆ ಸತ್ತದ್ದೂ ನಿಜ. ಒಂದರಿಂದಲೇ ಇನ್ನೊಂದಾಯಿತೆಂದು 'ಅಂಡ್' ಖಚಿತವಾಗಿ ಹೇಳುವುದಿಲ್ಲ. ಪರಿಹಾರವಾದರೋ ಆ ಒಂದು ಸಂಬಂಧದ ಮೇಲೆಯೇ ನಿಂತಿದೆ.

ಕನ್ನಡದ ವಾಕ್ಯದಲ್ಲಿದ್ದದ್ದು ಇಂಗ್ಲಿಷಿಗೆ ಬರುವಾಗ ಎಲ್ಲಿ ಸೋರಿಹೋಯಿತು ಎಂಬುದನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ತಮ್ಮ ವ್ಯಾಕರಣದ ಪಾಠದಿಂದಲೇ ಕಂಡುಕೊಳ್ಳಬಹುದು. 'ಬಂದು', 'ಬಿದ್ದು', 'ಹೋಗಿ', 'ಮಾಡಿ' ಮೊದಲಾದವು ಕೃದಂತಾವ್ಯಯಗಳು. ಇವುಗಳಿಗೆ ಲಿಂಗವಿಲ್ಲ, ವಚನವಿಲ್ಲ, ಪುರುಷವಿಲ್ಲ. ಸ್ವಂತ ಕಾಲವೂ ಇಲ್ಲವೆಂದೇ ಹೇಳಬೇಕು: 'ಹೋಗಿ ಬಂದೆನು', 'ಹೋಗಿ ಬರುತ್ತೇನೆ' ಎಂಬ ಎರಡರಲ್ಲೂ 'ಹೋಗಿ' ಒಂದೇ. ಕಾಲವನ್ನು ಹೊರುವುದು ವಾಕ್ಯದ ಕೊನೆಯ ಪೂರ್ಣಕ್ರಿಯೆ. ಹಿಂದಿನವು ಅದರ ಕೈ ಹಿಡಿದು ನಡೆಯುತ್ತವೆ.

ಇಂಗ್ಲಿಷಿನಲ್ಲಿ ಈ ಏರ್ಪಾಡು ಬೇರೆ. "ನಿನ್ನೆ ಮಡಕಶಿರಕ್ಕೆ ಹೋಗಿ, ಬಿತ್ತನೆ ಕಡಲೆಕಾಯಿ ಕೊಂಡು, ಸಂಜೆ ಬಸ್ಸಿಗೆ ಬಂದೆನು" ಎಂಬುದನ್ನು ಹೇಳುವಾಗ ವೆಂಟ್, ಬಾಟ್, ಕೇಮ್ ಎಂದು ಮೂರು ಕ್ರಿಯೆಗಳೂ ತಮ್ಮ ತಮ್ಮ ಭೂತಕಾಲವನ್ನು ತಾವೇ ಹೊರಬೇಕು. ಕೊನೆಯ ಎರಡರ ನಡುವೆ 'ಅಂಡ್' ಬರಬೇಕು. ಉತ್ತರಪತ್ರಿಕೆಗಳಲ್ಲಿ ಕಾಣುವ 'ವೆಂಟ್ ಅಂಡ್ ಬೈ ಅಂಡ್ ಕಮ್' ಎಂಬಂಥ ತಪ್ಪನ್ನು ಅಲಕ್ಷ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಒಂದು ಕ್ರಿಯೆಗೆ ಕಾಲ ಹಚ್ಚಿದರೆ ಸಾಕೆಂಬ ಕನ್ನಡದ ನಿಯಮವೇ ಅಲ್ಲಿ ಕೆಲಸ ಮಾಡಿದೆ. ಆ ಒಂದು ಕ್ರಿಯೆ ಕೊನೆಯದರ ಬದಲು ಮೊದಲನೆಯದಾಗಿದೆ, ಅಷ್ಟೆ.

ಈ ಕೃದಂತದ ಕಟ್ಟು ಕನ್ನಡದ ಒಂಟಿ ಸೊತ್ತಲ್ಲ. ತೆಲುಗಿನ 'ಚೇಸಿ', ಮರಾಠಿಯ 'ಕರೂನ್', ಹಿಂದಿಯ 'ಕರ್‌ಕೇ' ಎಲ್ಲವೂ ನಮ್ಮ 'ಮಾಡಿ'ಯ ಜಾಗದಲ್ಲಿ ನಿಲ್ಲುತ್ತವೆ. ಸಾಂಗಲಿ ಜಿಲ್ಲೆಯ ಕುಪವಾಡ ಗ್ರಾಮದ ಭಾಷೆಗಳನ್ನು ಕುರಿತು ಜಾನ್ ಗಂಪರ್ಜ್ ಹಾಗೂ ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾದುದು. ಸೊಪ್ಪು ಕೊಯ್ದು ತೆಗೆದುಕೊಂಡು ಬಂದ ಸಂಗತಿಯನ್ನು ಹೇಳುವ ಪುಟ್ಟ ವಾಕ್ಯವೊಂದು ಅದರಲ್ಲಿ ಉದಾಹರಣೆಯಾಗಿದೆ. ಉರ್ದು, ಮರಾಠಿ, ಕನ್ನಡ ಮೂರರಲ್ಲೂ ಶಬ್ದಗಳು ಬೇರೆ, ಆದರೆ ಒಂದರ ಕೆಳಗೊಂದನ್ನು ಬರೆದರೆ ಪದಕ್ಕೆ ಪದ, ಪ್ರತ್ಯಯಕ್ಕೆ ಪ್ರತ್ಯಯ ಹೊಂದಿಕೊಳ್ಳುತ್ತವೆ. ಗಡಿನಾಡಿನ ಮಕ್ಕಳು ಎರಡನೆಯ ಭಾಷೆಯನ್ನು ಲೀಲಾಜಾಲವಾಗಿ ಕಲಿತು ಇಂಗ್ಲಿಷಿನ ಮುಂದೆ ತಡವರಿಸುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಎಲ್ಲ ಕಡೆಯೂ 'ಅಂಡ್' ಹಾಕಿದರಾಯಿತೇ? ಇಲ್ಲಿಯೇ ಎಚ್ಚರ ಬೇಕು. ಪಾಣಿನಿಯು ಸಂಸ್ಕೃತದ 'ಕ್ತ್ವಾ' ಪ್ರತ್ಯಯಕ್ಕೆ ಎರಡು ನಿಬಂಧನೆಗಳನ್ನು ಹಾಕಿದ್ದಾನೆ (ಅಷ್ಟಾಧ್ಯಾಯಿ 3.4.21): ಎರಡೂ ಕ್ರಿಯೆಗಳಿಗೆ ಕರ್ತೃ ಒಬ್ಬನೇ ಇರಬೇಕು, ಪ್ರತ್ಯಯ ಹಿಡಿಯುವ ಕ್ರಿಯೆ ಮೊದಲು ನಡೆದದ್ದಾಗಿರಬೇಕು. ಕನ್ನಡವೂ ಬಹುಮಟ್ಟಿಗೆ ಹಾಗೆಯೇ ನಡೆಯುತ್ತದೆ. 'ಅಣ್ಣ ಬಂದು ತಂಗಿ ಊಟ ಮಾಡಿದಳು' ಎಂದರೆ ಕಿವಿಗೆ ಒಗ್ಗದು. 'ಅಣ್ಣ ಬಂದ ಮೇಲೆ' ಎನ್ನಬೇಕು. ಆದರೆ 'ಮಳೆ ಬಂದು ಕೆರೆ ತುಂಬಿತು' ಎಂಬುದನ್ನು ಯಾರೂ ತಪ್ಪೆನ್ನರು. ಬಂದದ್ದು ಮಳೆ, ತುಂಬಿದ್ದು ಕೆರೆ, ಕರ್ತೃಗಳು ಎರಡು. ಒಂದು ಘಟನೆ ಇನ್ನೊಂದಕ್ಕೆ ತಾನಾಗಿ ಕಾರಣವಾದಾಗ ಮಾತ್ರ ಕನ್ನಡ ಈ ಸಲಿಗೆ ಕೊಡುತ್ತದೆ. ಅಂದರೆ ಕರ್ತೃ ಬದಲಾಗಿಯೂ ಕೃದಂತ ಉಳಿದಿದ್ದರೆ ಅಲ್ಲಿ ಕಾರ್ಯಕಾರಣ ಸಂಬಂಧ ಅಡಗಿದೆ ಎಂದು ತಿಳಿಯಬಹುದು. ಇಂಗ್ಲಿಷಿನ 'ಅಂಡ್'ಗೆ ಅಂಥ ಕಟ್ಟುಪಾಡಿಲ್ಲ. ಅದು ಯಾವ ಎರಡು ಸಂಗತಿಗಳನ್ನಾದರೂ ಜೋಡಿಸೀತು. ಆದಕಾರಣ ಅಡಗಿದ್ದ ಸಂಬಂಧವನ್ನು 'ಬಿಕಾಸ್' ಅಥವಾ 'ಸೋ' ಎಂಬ ಪದದಿಂದ ಹೊರಗೆ ತರಬೇಕಾಗುತ್ತದೆ. ರೈತನ ಅರ್ಜಿಗೆ 'ದಿ ಬಫೆಲೊ ಡೈಡ್ ಬಿಕಾಸ್ ದಿ ವಾಲ್ ಫೆಲ್ ಆನ್ ಇಟ್' ಎಂಬುದೇ ತಕ್ಕ ವಾಕ್ಯ. ಗೋಡೆ ಬಿದ್ದದ್ದು ಎಮ್ಮೆಯ ಮೇಲೆಯೇ ಎಂಬುದನ್ನೂ ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಬೇಕಾಯಿತೆಂಬುದನ್ನು ಗಮನಿಸಬೇಕು.

ಕರ್ತೃ ಒಬ್ಬನೇ ಇದ್ದಾಗಲೂ ಕೃದಂತದ ಅರ್ಥ ಒಂದೇ ಬಗೆಯದಲ್ಲ. 'ಓಡಿ ಬಂದನು' ಎಂಬಲ್ಲಿ ಇರುವುದು ಬಂದ ರೀತಿ. ಅದನ್ನು ಎರಡು ಘಟನೆಗಳಾಗಿ ಒಡೆಯಬಾರದು. 'ತೆಗೆದುಕೊಂಡು ಬಂದನು' ಎಂಬುದಕ್ಕೆ 'ಬ್ರಾಟ್' ಎಂಬ ಒಂದೇ ಪದ ಸಾಕು. ನಿಷೇಧ ಬಂದಾಗಲಂತೂ ತೊಡಕು ಹೆಚ್ಚುತ್ತದೆ. 'ಅವನು ಸಂತೆಗೆ ಹೋಗಿ ಉಪ್ಪು ತರಲಿಲ್ಲ' ಎಂಬ ವಾಕ್ಯಕ್ಕೆ ಎರಡು ಅರ್ಥಗಳುಂಟು: ಹೋದನು, ಆದರೆ ತರಲಿಲ್ಲ, ಅಥವಾ ಹೋಗಲೂ ಇಲ್ಲ, ತರಲೂ ಇಲ್ಲ. ಕನ್ನಡದಲ್ಲಿ ಸಂದರ್ಭವೋ ಧ್ವನಿಯ ಏರಿಳಿತವೋ ಇದನ್ನು ತೀರ್ಮಾನಿಸುತ್ತದೆ. ಇಂಗ್ಲಿಷಿನಲ್ಲಿ ಬರೆಯುವವನೇ ತೀರ್ಮಾನಿಸಬೇಕು: ಮೊದಲನೆಯದಕ್ಕೆ 'ಬಟ್', ಎರಡನೆಯದಕ್ಕೆ ಎರಡೂ ಕ್ರಿಯೆಗಳಿಗೆ ನಿಷೇಧ.

ಇದರ ಮರುಹೊಡೆತವೂ ಇದೆ. ಇಂಗ್ಲಿಷಿನಿಂದ ಅನುವಾದಿಸುವವರು 'ಅವನು ಎದ್ದನು ಮತ್ತು ಬಾಗಿಲು ತೆರೆದನು ಮತ್ತು ಹೊರಗೆ ನೋಡಿದನು' ಎಂದು ಬರೆಯುವುದು ಈಗ ಪಠ್ಯಪುಸ್ತಕಗಳಲ್ಲೂ ಅಪರೂಪವಲ್ಲ. 'ಮತ್ತು' ನಾಮಪದಗಳನ್ನು ಜೋಡಿಸುವಲ್ಲಿ ಒಪ್ಪುತ್ತದೆ. ಒಬ್ಬನೇ ಮಾಡಿದ ಸಾಲು ಕೆಲಸಗಳ ನಡುವೆ ಅದನ್ನು ತುರುಕಿದರೆ ವಾಕ್ಯ ಹೆಜ್ಜೆಹೆಜ್ಜೆಗೂ ಎಡವುತ್ತದೆ. 'ಎದ್ದು ಬಾಗಿಲು ತೆರೆದು ಹೊರಗೆ ನೋಡಿದನು' ಎಂದರೆ ಸಾಲದೇ?

ಅಭ್ಯಾಸಕ್ಕಾಗಿ ನಾಲ್ಕು ವಾಕ್ಯಗಳು. ಮೊದಲು ಕರ್ತೃವನ್ನು ಗುರುತಿಸಿ, ಬಳಿಕ ಸಂಯೋಜಕವನ್ನು ಆರಿಸಿ, ಇಂಗ್ಲಿಷಿಗೆ ತಿರುಗಿಸಬೇಕು. 'ಬಾವಿ ಬತ್ತಿ ತೋಟ ಒಣಗಿತು.' 'ತಂಗಿ ನಡೆದು ಶಾಲೆಗೆ ಹೋದಳು.' 'ಅವಳು ಅರ್ಜಿ ಬರೆದು ಕಳಿಸಲಿಲ್ಲ.' ನಾಲ್ಕನೆಯದು ವೀರಗಲ್ಲುಗಳ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಬಗೆಯ ಮಾತು, ಇಂದಿನ ಕನ್ನಡದಲ್ಲಿ: 'ಊರ ತುರುಗಳನ್ನು ಮರಳಿಸಿ ಸತ್ತನು.' ಮರಳಿಸಿದ ಮೇಲೆ ಸತ್ತನೋ, ಮರಳಿಸುತ್ತಲೇ ಸತ್ತನೋ, ಮರಳಿಸಲು ಹೋದದ್ದರಿಂದ ಸತ್ತನೋ? ಶಾಸನ ಬರೆದವನು ಒಂದು 'ಮರಳಿಸಿ'ಯಲ್ಲಿ ಮೂರನ್ನೂ ಇರಿಸಿದ್ದಾನೆ. ಇಂಗ್ಲಿಷಿನಲ್ಲಿ ವಿದ್ಯಾರ್ಥಿ ಒಂದನ್ನು ಆರಿಸಬೇಕು. ಆರಿಸಿದ್ದಕ್ಕೆ ಕಾರಣವನ್ನು ಕೆಳಗೆ ಎರಡು ಸಾಲಿನಲ್ಲಿ ಬರೆಯಬೇಕು.