ಕೆಂಪು ಕಾಣದ ಗೆಳೆಯನಿಗೆ ಬಣ್ಣದ ಪುಟಗಳು

ಜರ್ನಲ್ ಎಂದ ಕೂಡಲೇ ನಮ್ಮ ಕಾಮರ್ಸ್ ವಿಭಾಗದವರಿಗೆ ಡೆಬಿಟ್, ಕ್ರೆಡಿಟ್ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಆರ್ಟ್ ಜರ್ನಲ್ ಬಗ್ಗೆ. ಬಣ್ಣ, ಕಾಗದದ ಚೂರು, ಬಟ್ಟೆ, ದಾರ, ಮಣ್ಣು, ಕೈಬರಹ ಎಲ್ಲವನ್ನೂ ಒಂದೇ ಪುಟದ ಮೇಲೆ ಸೇರಿಸಿ ಮಾಡುವ ಪುಸ್ತಕ ಅದು. ಹೀಗೆ ಹಲವು ವಸ್ತುಗಳನ್ನು ಸೇರಿಸುವುದಕ್ಕೆ ಮಿಕ್ಸೆಡ್ ಮೀಡಿಯಾ ಎನ್ನುತ್ತಾರೆ. ಒಂದು ಪುಟಕ್ಕೆ ಒಂದೇ ಬಣ್ಣ ಎಂದು ಇಟ್ಟುಕೊಂಡರೆ ಹೊಸಬರಿಗೆ ಸುಲಭ. ಕಳೆದ ರಜೆಯಲ್ಲಿ ಒಬ್ಬ ಗೆಳೆಯನಿಗಾಗಿ ಇಂತಹ ನಾಲ್ಕು ಪುಟ ಮಾಡಿದೆ. ಅವನಿಗೆ ಕೆಂಪು ಮತ್ತು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಇದನ್ನು ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅವನ ಊರು ಪಾವಗಡ ತಾಲ್ಲೂಕು, ಮನೆ ಮಾತು ತೆಲುಗು. ಓದಿಗಾಗಿ ಮಧುಗಿರಿಯಲ್ಲಿ ರೂಮ್ ಮಾಡಿಕೊಂಡಿದ್ದಾನೆ. ಹುಲ್ಲಿನಲ್ಲಿ ಬಿದ್ದ ಕೆಂಪು ಚೆಂಡು ಅವನಿಗೆ ಸಿಗುವುದೇ ಇಲ್ಲ. ನಾವೆಲ್ಲ ಸೋಮಾರಿ ಫೀಲ್ಡರ್ ಎಂದು ರೇಗಿಸುತ್ತಿದ್ದೆವು. ತುಮಕೂರು–ರಾಯದುರ್ಗ ರೈಲು ಮಾರ್ಗದ ಕೆಲಸ ನಡೆಯುತ್ತಿದೆಯಲ್ಲ, ಕೊರಟಗೆರೆ, ಮಧುಗಿರಿ, ಪಾವಗಡ ತಾಲ್ಲೂಕುಗಳ ಮೂಲಕ ಹೋಗುವ ದಾರಿ, ಅದರಲ್ಲಿ ಎಂಜಿನ್ ಓಡಿಸಬೇಕು ಎಂಬುದು ಅವನ ಆಸೆಯಾಗಿತ್ತು. ಕನ್ನಡಕಕ್ಕಾಗಿ ಕಣ್ಣು ತೋರಿಸಲು ಹೋದಾಗ ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ಕೊಟ್ಟು ಒಳಗಿರುವ ಅಂಕಿ ಓದು ಎಂದರಂತೆ. ಹೆಚ್ಚಿನ ಪುಟಗಳಲ್ಲಿ ಅವನಿಗೆ ಬರೀ ಚುಕ್ಕೆ ಕಂಡವು. ಆ ಪರೀಕ್ಷೆಯನ್ನು ಜಪಾನಿನ ವೈದ್ಯ ಇಶಿಹಾರಾ 1917ರಲ್ಲಿ ಪ್ರಕಟಿಸಿದರು. ರೈಲು ಎಂಜಿನ್ ಚಾಲಕರ ಹುದ್ದೆಗೆ ಇದರಲ್ಲಿ ಪಾಸಾಗಲೇಬೇಕು.

ಇದು ರೋಗವಲ್ಲ, ಹುಟ್ಟಿನಿಂದ ಬರುವಂಥದ್ದು. ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನ ಮೂಲಕ ಮಗನಿಗೆ ಬರುತ್ತದೆ. ಹುಡುಗರಲ್ಲಿ ಹೆಚ್ಚು, ಹುಡುಗಿಯರಲ್ಲಿ ಬಹಳ ಅಪರೂಪ. ಪರಮಾಣು ಸಿದ್ಧಾಂತದ ಪಾಠದಲ್ಲಿ ಬರುವ ಜಾನ್ ಡಾಲ್ಟನ್ ಅವರಿಗೂ ಹೀಗೇ ಇತ್ತು. ತಮ್ಮ ಕಣ್ಣಿನ ಬಗ್ಗೆ ಅವರು 1794ರಲ್ಲೇ ಪ್ರಬಂಧ ಓದಿದ್ದರು. ಇಂಥವರಿಗೆ ಎಲ್ಲವೂ ಕಪ್ಪು ಬಿಳುಪಾಗಿ ಕಾಣುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ನನ್ನ ಗೆಳೆಯನಿಗೆ ನೀಲಿ, ಹಳದಿ ಚೆನ್ನಾಗಿಯೇ ಕಾಣುತ್ತವೆ.

ಹಾಗಾಗಿ ನೀಲಿ ಪುಟದಿಂದ ಶುರು ಮಾಡಿದೆ. ಮೊದಲು ನೋಟ್‌ಬುಕ್ಕಿನ ಎರಡು ಹಾಳೆಗಳನ್ನು ಫೆವಿಕಾಲ್‌ನಿಂದ ಅಂಟಿಸಿ, ಮೇಲೆ ಭಾರ ಇಟ್ಟು ಒಂದು ರಾತ್ರಿ ಒಣಗಿಸಬೇಕು. ಇಲ್ಲದಿದ್ದರೆ ನೀರು ತಾಗಿದ ಕೂಡಲೇ ಹಾಳೆ ಹಪ್ಪಳದಂತೆ ಸುರುಳಿಯಾಗುತ್ತದೆ. ಅದರ ಮೇಲೆ ಬಿಳಿ ಪೋಸ್ಟರ್ ಕಲರ್‌ನ ತೆಳು ಲೇಪ. ಅದು ಒಣಗಿದ ಮೇಲೆ ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಬೆರೆಸಿ ಬಳಿದರೆ ಆಕಾಶ ಸಿದ್ಧ. ಅಬ್ಬಾ ಅವರ ಅಂಗಡಿಯ ಬಿಲ್ ಪುಸ್ತಕದ ಹಳೇ ಕಾರ್ಬನ್ ಕಾಗದವನ್ನು ಸಣ್ಣ ಆಯತಗಳಾಗಿ ಕತ್ತರಿಸಿ, ಸಾಲಾಗಿ ಜೋಡಿಸಿ, ಕೈಗೆ ಮಸಿ ಹತ್ತದಂತೆ ಮೇಲೆ ಪಾರದರ್ಶಕ ಟೇಪ್ ಹಾಕಿದೆ. ಸಾಲುಗಳ ನಡುವೆ ಮಾತ್ರೆ ಹಾಳೆಯ ಬೆಳ್ಳಿ ಪಟ್ಟಿ. ಪಾವಗಡದವರಿಗೆ ಇದೇನೆಂದು ಹೇಳಬೇಕಿಲ್ಲ: ತಿರುಮಣಿಯ ಸೋಲಾರ್ ಪಾರ್ಕ್. ಐದು ಹಳ್ಳಿಗಳ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯ. ಮೂಲೆಯಲ್ಲಿ ಅವನ ಪಾವಗಡ–ಮಧುಗಿರಿ ಬಸ್ ಟಿಕೆಟ್ ಅಂಟಿಸಿದ್ದೇನೆ.

ಹಳದಿ ಪುಟಕ್ಕೆ ಅರಿಶಿನ, ಕಡಲೆಕಾಯಿ ಸಿಪ್ಪೆ, ಕೊರಟಗೆರೆಯ ಖಾಲಾ ಮನೆಯಿಂದ ತಂದ ಅಡಿಕೆ ಹಾಳೆಯ ಚೂರು ಸಾಕಾಯಿತು. ಅರಿಶಿನದ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಪುಸ್ತಕ ಮುಚ್ಚಿಡಿ. ಅಂದ ಹಾಗೆ, ತೆಲುಗಿನಲ್ಲಿ ಎಲೆಗೂ ಪಚ್ಚ, ಅರಿಶಿನಕ್ಕೂ ಪಚ್ಚ ಎನ್ನುವುದುಂಟು. "ನಮ್ಮ ಭಾಷೆಗೇ ಎರಡೂ ಒಂದೇ, ನನ್ನ ಕಣ್ಣಿಗೇಕೆ ಬೈಯುತ್ತೀರಿ" ಎಂದು ಅವನು ತಮಾಷೆ ಮಾಡುತ್ತಾನೆ.

ಕೆಂಪು ಪುಟ ಬೇಡ ಎಂದು ಮನೆಯಲ್ಲಿ ಆಪಾ ಹೇಳಿದರು, ಅವನ ಮನಸ್ಸಿಗೆ ನೋವಾದೀತು ಎಂದು. ನನಗೆ ಹಾಗನ್ನಿಸಲಿಲ್ಲ. ಅವನ ಊರಿನ ಹೊಲದ ಮಣ್ಣೇ ಕೆಂಪು, ಅದನ್ನು ಬಿಟ್ಟು ಅವನ ಪುಸ್ತಕ ಮಾಡುವುದು ಹೇಗೆ? ಇಲ್ಲಿ ಎರಡು ಉಪಾಯ ಕೆಲಸಕ್ಕೆ ಬಂದವು.

ಮೊದಲನೆಯದು ತಿಳಿ ಮತ್ತು ಗಾಢದ ವ್ಯತ್ಯಾಸ. ಕೆಂಪು ಬಟ್ಟೆ, ಹಸಿರು ಎಲೆ ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಫೋಟೋ ತೆಗೆದು, ಅದನ್ನು ಕಪ್ಪು ಬಿಳುಪು ಮಾಡಿ ನೋಡಿ. ಎಷ್ಟೋ ಸಲ ಎರಡೂ ಒಂದೇ ಬೂದು ಆಗುತ್ತವೆ. ಅಂಥ ಜೋಡಿ ನನ್ನ ಗೆಳೆಯನಿಗೆ ಒಂದರೊಳಗೊಂದು ಕರಗಿಹೋಗುತ್ತದೆ. ಫೋಟೋದಲ್ಲಿಯೂ ಬೇರೆಯಾಗಿ ನಿಲ್ಲುವ ಜೋಡಿಯನ್ನೇ ಆರಿಸಬೇಕು. ನಾನು ಕಡುಗೆಂಪಿನಿಂದ ತಿಳಿ ಗುಲಾಬಿಯವರೆಗೆ ಐದು ಪಟ್ಟಿ ಮಾಡಿ, ಪ್ರತಿಯೊಂದನ್ನೂ ಹೀಗೆ ಪರೀಕ್ಷಿಸಿದೆ. ಚಿತ್ರ ಬರೆಯುವ ಎಲ್ಲರಿಗೂ ಈ ಪರೀಕ್ಷೆ ಉಪಯುಕ್ತ. ಲೆಕ್ಕದ ಪ್ರಾಜೆಕ್ಟ್‌ನಲ್ಲಿ ಪೈ ಚಿತ್ರಕ್ಕೆ ಬಣ್ಣ ತುಂಬುವವರಿಗೂ.

ಎರಡನೆಯದು ಬೆರಳಿಗೆ ತಿಳಿಯುವ ವ್ಯತ್ಯಾಸ. ಹೊಲದ ಮಣ್ಣನ್ನು ಚಹಾ ಸೋಸುವ ಜರಡಿಯಲ್ಲಿ ಜಾಲಿಸಿ (ಅಮ್ಮಿಗೆ ಹೊಸ ಜರಡಿ ತಂದುಕೊಟ್ಟೆ) ಫೆವಿಕಾಲ್‌ಗೆ ಬೆರೆಸಿ ದಪ್ಪಗೆ ಬಳಿದೆ. ಪಕ್ಕದಲ್ಲಿ ಟೈಲರ್ ಅಂಗಡಿಯ ಸ್ಯಾಟಿನ್ ಚೂರು, ಅದರ ಪಕ್ಕ ಉಲ್ಲನ್ ದಾರ, ಶಾದಿ ಕಾರ್ಡಿನ ಉಬ್ಬು ಅಕ್ಷರದ ತುಂಡು, ಕೊನೆಗೆ ನುಣುಪು ಕಾಗದ. ಪ್ರತಿ ಪಟ್ಟಿಯ ಕೆಳಗೆ ಹೆಸರು ಬರೆದೆ: ಕೆಂಪು, ಲಾಲ್, ಎರುಪು. ಹೆಸರು ಬರೆದಿದ್ದರೆ ಊಹಿಸುವ ಕಷ್ಟ ತಪ್ಪುತ್ತದೆ ಎಂದು ಅವನೇ ಹಿಂದೊಮ್ಮೆ ಹೇಳಿದ್ದ. ಬಣ್ಣದ ಪೆನ್ಸಿಲ್ ಕೊಳ್ಳುವಾಗಲೂ ಅವನು ಮೊದಲು ನೋಡುವುದು ಪಕ್ಕದ ಅಕ್ಷರವನ್ನೇ.

ಖರ್ಚು: ಫೆವಿಕಾಲ್ 20, ಬಿಳಿ ಬಣ್ಣ 25, ಬ್ರಷ್ 20, ಒಟ್ಟು 65 ರೂಪಾಯಿ. ಜರಡಿ ಲೆಕ್ಕಕ್ಕೆ ಸೇರಿಸಿಲ್ಲ.

ನಾಲ್ಕನೆಯದು ಬೂದು, ನಮ್ಮ ಮಧುಗಿರಿ ಬೆಟ್ಟ. ಏಕಶಿಲೆಗೆ ಒಲೆಯ ಬೂದಿ ಮತ್ತು ಸುಕ್ಕು ಮಾಡಿದ ಪತ್ರಿಕೆ. ಬೆಟ್ಟದ ಕೆಳಗೆ ಕಪ್ಪು ದಾರದಿಂದ ಎರಡು ಹಳಿ ಹೊಲಿದು, ಅಡ್ಡಪಟ್ಟಿಗೆ ಬೆಂಕಿಕಡ್ಡಿ ಇಟ್ಟೆ. ಈಗ ಅವನು ರೈಲ್ವೆಯ ಲೆಕ್ಕಪತ್ರ ವಿಭಾಗದ ಪರೀಕ್ಷೆಗೆ ಓದುವ ಯೋಚನೆಯಲ್ಲಿದ್ದಾನೆ. ಜೂನಿಯರ್ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಬಣ್ಣದ ದೃಷ್ಟಿ ಅಡ್ಡಿಯಲ್ಲ. ಇಂಥ ಕಣ್ಣಿನವರು ನಮ್ಮಲ್ಲಿ ಇನ್ನೂ ಇರಬಹುದು, ಕೋರ್ಸ್ ಆರಿಸುವ ಮುಂಚೆ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಪುಸ್ತಕ ಕೊಟ್ಟಾಗ ಅವನು ನೀಲಿ ಪುಟವನ್ನು ಬಹಳ ಹೊತ್ತು ನೋಡಿದ, ಕೆಂಪು ಪುಟವನ್ನು ಬೆರಳಿನಿಂದ ಓದಿದ. ಹಳಿಯ ಪುಟಕ್ಕೆ ಬಂದವನೇ, "ಪಾವಗಡ ಸ್ಟೇಷನ್ ಎಲ್ಲೋ?" ಎಂದ. ನನ್ನ ಹತ್ತಿರ ಒಂದು ಬಿಳಿ ಗುಂಡಿ ಉಳಿದಿತ್ತು. ಅದನ್ನು ಎಲ್ಲಿ ಹೊಲಿಯಬೇಕು ಎಂದು ಅವನೇ ತೋರಿಸಿದ.